ಬೆಳಕನ್ನು ಮುಚ್ಚಿ ಕಂಡದ್ದು

1994ರ ಅಕ್ಟೋಬರ್ 27ರಂದು ಕ್ಯಾಲಿಫೋರ್ನಿಯಾದ ಪಾಲೋಮರ್ ಬೆಟ್ಟದ 60 ಇಂಚಿನ ದೂರದರ್ಶಕದಲ್ಲಿ ತೆಗೆದ ಚಿತ್ರವೊಂದಿದೆ. ನೋಡಲು ಅದರಲ್ಲಿ ಚೆಂದವೇನೂ ಇಲ್ಲ. ಗ್ಲೀಸ 229 ಎಂಬ ಕೆಂಪು ನಕ್ಷತ್ರದ ಬೆಳಕನ್ನು ಮುಚ್ಚಿದ್ದಾರೆ. ಮುಚ್ಚಿದರೂ ಸೋರಿ ಬಂದ ಬೆಳಕು ಚಿತ್ರದ ತುಂಬ ಮಬ್ಬಾಗಿ ಹರಡಿದೆ. ಆ ಮಬ್ಬಿನ ಅಂಚಿನಲ್ಲಿ ಒಂದು ಸಣ್ಣ ಚುಕ್ಕೆ. ಅದನ್ನು ಕಂಡ ತಂಡ ಸುಮಾರು ಒಂದು ವರ್ಷ ಅದನ್ನು ಜಗತ್ತಿಗೆ ಸಾರಲಿಲ್ಲ.

ತಂಡದಲ್ಲಿ ಕ್ಯಾಲ್ಟೆಕ್‌ನ ತದಾಶಿ ನಕಾಜಿಮಾ, ಆಗಿನ್ನೂ ಸಂಶೋಧನಾ ವಿದ್ಯಾರ್ಥಿಯಾಗಿದ್ದ ರೆಬೆಕಾ ಓಪನ್‌ಹೈಮರ್, ಉಪಕರಣ ಕಟ್ಟುವುದರಲ್ಲಿ ಎತ್ತಿದ ಕೈ ಎನಿಸಿದ್ದ ಕೀತ್ ಮ್ಯಾಥ್ಯೂಸ್ ಇದ್ದರು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಡೇವಿಡ್ ಗೋಲಿಮೋವ್‌ಸ್ಕಿ ಮತ್ತು ಸ್ಯಾಮ್ ಡುರಾನ್ಸ್. ಕ್ಯಾಲ್ಟೆಕ್ ಕಡೆಯ ಹಿರಿಯರು ಶ್ರೀನಿವಾಸ ಕುಲಕರ್ಣಿ, ಹುಬ್ಬಳ್ಳಿಯಲ್ಲಿ ಬೆಳೆದು ಅಲ್ಲಿಯ ಶಾಲೆಗಳಲ್ಲೇ ಓದಿದವರು.

ಅವರು ಹುಟ್ಟಿದ್ದು 1956ರಲ್ಲಿ, ಗಡಿಯಾಚೆಯ ಕುರುಂದವಾಡದ ಕನ್ನಡ ಮಾತಿನ ಮನೆಯಲ್ಲಿ. ಕುರುಂದವಾಡ ಒಂದು ಕಾಲಕ್ಕೆ ಪಟವರ್ಧನರ ಸಂಸ್ಥಾನ. ನಮ್ಮ ಜಮಖಂಡಿಯನ್ನು ಆಳಿದವರೂ ಪಟವರ್ಧನರೇ. ಪಂಚಗಂಗೆ ಕೃಷ್ಣೆಗೆ ಕೂಡುವ ಆ ಊರಿನ ನೀರೇ ಮುಂದೆ ರಬಕವಿ-ಬನಹಟ್ಟಿ, ಜಮಖಂಡಿಗಳ ಮಗ್ಗುಲಲ್ಲಿ ಹರಿದು ಬೀಳಗಿಯ ಬಳಿ ಆಲಮಟ್ಟಿಯ ಹಿನ್ನೀರಾಗಿ ನಿಲ್ಲುತ್ತದೆ. ತಂದೆ ಆರ್. ಎಚ್. ಕುಲಕರ್ಣಿ ಹುಬ್ಬಳ್ಳಿಯಲ್ಲಿ ಶಸ್ತ್ರವೈದ್ಯರು, ಅಕ್ಕ ಲೇಖಕಿ ಸುಧಾ ಮೂರ್ತಿ. ದೆಹಲಿಯ ಐಐಟಿಯಲ್ಲಿ ಭೌತಶಾಸ್ತ್ರ ಓದಿ ಬರ್ಕ್ಲಿಗೆ ಹೋದ ಕುಲಕರ್ಣಿ, ವಿದ್ಯಾರ್ಥಿಯಾಗಿದ್ದಾಗಲೇ 1982ರಲ್ಲಿ ಡಾನ್ ಬೇಕರ್ ಜೊತೆ ಸೆಕೆಂಡಿಗೆ 642 ಸುತ್ತು ತಿರುಗುವ ಪಲ್ಸಾರನ್ನು ಕಂಡು ಹೆಸರಾಗಿದ್ದರು. ನಮ್ಮಲ್ಲಿ ಅವರ ಹೆಸರು ಬಂದಾಗ ಪಲ್ಸಾರಿನ ಮಾತು, 2024ರ ಶಾ ಪ್ರಶಸ್ತಿಯ ಮಾತು ಬರುತ್ತದೆ. ಈ ಮಬ್ಬು ಚಿತ್ರದ ಕತೆ ಹೇಳುವವರು ಕಡಿಮೆ. ನನಗೆ ಇದೇ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ನಕ್ಷತ್ರಗಳ ಮಗ್ಗುಲಲ್ಲಿರುವ ಲೋಕಗಳನ್ನು ಚಿತ್ರವಾಗಿಯೇ ನೋಡಬೇಕೆಂದು ಇಂದು ಕಟ್ಟುತ್ತಿರುವ ಬಾಹ್ಯಾಕಾಶ ಉಪಕರಣಗಳೆಲ್ಲ ಅದೇ ದಾರಿಯಲ್ಲಿ ಮುಂದೆ ಹೊರಟವು.

ಗ್ಲೀಸ 229 ನಮ್ಮ ಆಕಾಶದಲ್ಲೇ ಇದೆ. ಜನವರಿ, ಫೆಬ್ರವರಿಯ ರಾತ್ರಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಮಹಾವ್ಯಾಧನ ಕೆಳಗೆ ಎಡಕ್ಕೆ ಲುಬ್ಧಕ ಉರಿಯುತ್ತಿರುತ್ತದೆ. ಅಲ್ಲಿಂದ ಪಶ್ಚಿಮಕ್ಕೆ, ತುಸು ಕೆಳಗೆ, ಚಾಚಿದ ಕೈಯ ಒಂದು ಮುಷ್ಟಿಯಗಲ ಸರಿದರೆ ಆ ಜಾಗ. ಬರಿಗಣ್ಣಿಗೆ ಕಾಣದು, ಬೈನಾಕ್ಯುಲರಿಗೆ ಸಿಗುತ್ತದೆ. ದೂರ ಸುಮಾರು 19 ಜ್ಯೋತಿರ್ವರ್ಷ. ಅದರ ಮಗ್ಗುಲಲ್ಲಿ ಕಂಡ ಚುಕ್ಕೆಯಾದರೋ ಅವಗೆಂಪು ಬೆಳಕಿನಲ್ಲೂ ಅದಕ್ಕಿಂತ ಸಾವಿರಾರು ಪಟ್ಟು ಮಂದ.

ಆ ದಿನಗಳಲ್ಲಿ ನಮ್ಮ ಕಡೆ ಕಬ್ಬಿನ ಹಂಗಾಮು. ಮುಧೋಳದ ರಸ್ತೆಯಲ್ಲಿ ರಾತ್ರಿ ಎದುರಿಗೆ ಬರುವ ಟ್ರ್ಯಾಕ್ಟರಿನ ದೀಪ ಕಣ್ಣಿಗೆ ಹೊಡೆದಾಗ ಅದರ ಪಕ್ಕದಲ್ಲೇ ನಡೆದು ಬರುವ ಮನುಷ್ಯ ಕಾಣುವುದಿಲ್ಲ. ಅಂಗೈ ಅಡ್ಡ ಹಿಡಿದು ದೀಪವನ್ನಷ್ಟೇ ಮರೆಮಾಡಿದರೆ ಮನುಷ್ಯ ಕಾಣುತ್ತಾನೆ. ನಕ್ಷತ್ರದ ಬೆಳಕನ್ನು ಮರೆಮಾಡುವ ಕೊರೊನಾಗ್ರಾಫ್ ಎಂಬ ಉಪಕರಣ ಮಾಡುವುದೂ ಇದನ್ನೇ. ಆದರೆ ದೂರದರ್ಶಕದೊಳಗೆ ಅಂಗೈ ಹಿಡಿಯುವುದು ಅಷ್ಟು ಸುಲಭವಲ್ಲ. ಮರೆಯ ಅಂಚಿಗೆ ತಾಗಿದ ಬೆಳಕು ಬಾಗಿ ಒಳಗೆ ನುಸುಳುತ್ತದೆ. ಈ ಬಾಗುವಿಕೆಗೆ ವಿವರ್ತನೆ ಎಂದು ಹೆಸರು. ಗಾಜಿನ ಮೇಲಿನ ಧೂಳಿನ ಕಣ, ಸಣ್ಣ ಗೀರು, ಗಾಜಿನೊಳಗಿನ ಗುಳ್ಳೆ, ಒಂದೊಂದೂ ತನ್ನ ಪಾಲಿನ ಬೆಳಕನ್ನು ಎಲ್ಲೆಡೆ ಚೆಲ್ಲುತ್ತದೆ.

ಇದಕ್ಕೆ ಮೊದಲು ದಾರಿ ಕಂಡವನು ಫ್ರಾನ್ಸಿನ ಬರ್ನಾರ್ ಲಿಯೋ. ಅವನ ಗುರಿ ನಕ್ಷತ್ರಗಳಲ್ಲ, ನಮ್ಮ ಸೂರ್ಯನ ಸುತ್ತಲಿನ ತೆಳು ಪ್ರಭೆ, ಕರೋನಾ. ಅದರ ಹೊಳಪು ಸೂರ್ಯಬಿಂಬದ ಹೊಳಪಿನ ಹತ್ತು ಲಕ್ಷದಲ್ಲೊಂದು ಪಾಲು. ಪೂರ್ಣಗ್ರಹಣದಲ್ಲಿ ಚಂದ್ರ ಅಡ್ಡ ಬಂದಾಗ ಮಾತ್ರ ಅದು ಕಾಣುತ್ತಿತ್ತು. ಗ್ರಹಣವಿಲ್ಲದ ದಿನ ಅದನ್ನು ನೋಡಹೊರಟು ದೊಡ್ಡ ದೊಡ್ಡ ಖಗೋಳಜ್ಞರು ಸೋತಿದ್ದರು. ಸೋಲಿಗೆ ಗಾಳಿಯಷ್ಟೇ ಕಾರಣವಲ್ಲ, ದೂರದರ್ಶಕವೂ ಕಾರಣ ಎಂದು ಲಿಯೋ ಕಂಡುಕೊಂಡ. ಕಲೆಯಿಲ್ಲದ ಒಂದೇ ಗಾಜಿನ ಮಸೂರವನ್ನು ನುಣುಪಾಗಿ ಉಜ್ಜಿಸಿದ. ಸೂರ್ಯನ ಬಿಂಬ ಮೂಡುವ ಜಾಗದಲ್ಲಿ ತಟ್ಟೆಯಿಟ್ಟು ಮರೆಮಾಡಿದ.

ಅಲ್ಲಿಗೇ ನಿಂತಿದ್ದರೆ ಅವನ ಹೆಸರು ಉಳಿಯುತ್ತಿರಲಿಲ್ಲ. ತಟ್ಟೆಯನ್ನು ದಾಟಿ ಬಂದ ಕಳ್ಳ ಬೆಳಕು ಎಲ್ಲಿಗೆ ಹೋಗುತ್ತದೆ ಎಂದು ಅವನು ಹುಡುಕಿದ. ತಟ್ಟೆಯ ಹಿಂದೆ ಇನ್ನೊಂದು ಮಸೂರವಿಟ್ಟು ಮೊದಲನೆಯ ಮಸೂರದ್ದೇ ಬಿಂಬ ಮೂಡಿಸಿದರೆ, ವಿವರ್ತನೆಯಿಂದ ಬಂದ ಬೆಳಕು ಆ ಬಿಂಬದ ಅಂಚಿನಲ್ಲಿ ಉಂಗುರವಾಗಿ ಗುಡ್ಡೆ ಬೀಳುತ್ತದೆ. ನೋಡಬೇಕಾದ ಮಂದ ವಸ್ತುವಿನ ಬೆಳಕಾದರೋ ಬಿಂಬದ ತುಂಬ ಸಮವಾಗಿ ಹರಡಿರುತ್ತದೆ. ಹಾಗಾದರೆ ಬಿಂಬಕ್ಕಿಂತ ತುಸು ಚಿಕ್ಕ ಕಿಂಡಿಯನ್ನು ಅಲ್ಲಿಟ್ಟರೆ ಸಾಕು. ಉಂಗುರ ಹೊರಗುಳಿಯುತ್ತದೆ, ಬೇಕಾದದ್ದು ಬಹುಪಾಲು ಒಳಗೆ ಬರುತ್ತದೆ. ಆ ಕಿಂಡಿಗೆ ಇಂದಿಗೂ ಲಿಯೋ ತಡೆ ಎಂದೇ ಹೆಸರು. ಕೊರೊನಾಗ್ರಾಫಿನ ಜಾಣತನವೆಲ್ಲ ಇರುವುದು ಇಲ್ಲೇ. ಮುಚ್ಚುವುದು ಅರ್ಧ ಕೆಲಸ, ಮುಚ್ಚಿದ ಮೇಲೂ ಉಳಿದ ಬೆಳಕಿನ ಲೆಕ್ಕ ಹಿಡಿಯುವುದು ಉಳಿದರ್ಧ. 1930ರ ಸುಮಾರಿಗೆ, 2877 ಮೀಟರ್ ಎತ್ತರದ ಪಿಕ್ ದ್ಯು ಮಿದಿ ಶಿಖರದ ಶುಭ್ರ ಗಾಳಿಯಲ್ಲಿ, ಲಿಯೋ ಗ್ರಹಣವಿಲ್ಲದೆ ಕರೋನಾವನ್ನು ಕಂಡ. ಗ್ರಹಣದ ಹಂಗು ತಪ್ಪಿಸಿದ ಈ ಮನುಷ್ಯ ಗ್ರಹಣಗಳನ್ನೂ ಬಿಡಲಿಲ್ಲ. 1952ರಲ್ಲಿ ಸುಡಾನಿನ ಪೂರ್ಣಗ್ರಹಣ ನೋಡಿ ಮರಳುವ ದಾರಿಯಲ್ಲಿ, ಈಜಿಪ್ಟಿನಲ್ಲಿ ತೀರಿಕೊಂಡ.

ಕರ್ನಾಟಕಕ್ಕೂ ಅಂಥ ಒಂದು ಗ್ರಹಣ ಬಂತು, 1980ರ ಫೆಬ್ರವರಿ 16ರ ಮಧ್ಯಾಹ್ನ. ಚಂದ್ರನ ನೆರಳು ಕಾರವಾರದ ಕರಾವಳಿಯಿಂದ ಒಳಬಂದು ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ಆಗ ವಿಜಾಪುರ ಜಿಲ್ಲೆಯಲ್ಲಿದ್ದ ಜಮಖಂಡಿ, ಮುಧೋಳ, ಬೀಳಗಿಗಳು ಆ ಪಟ್ಟಿಯ ಉತ್ತರಕ್ಕೆ ಉಳಿದವು. ಇಲ್ಲಿ ಸೂರ್ಯ ಬಹುಪಾಲು ಮುಚ್ಚಿದ, ಆದರೆ ಪೂರ್ತಿ ಮುಚ್ಚಲಿಲ್ಲ. ಆ ಸಣ್ಣ ಉಳಿಕೆಯೇ ಕರೋನಾವನ್ನು ಮರೆಸಲು ಸಾಕು. ಎಷ್ಟೋ ಊರುಗಳಲ್ಲಿ ಜನ ಬಾಗಿಲು ಹಾಕಿಕೊಂಡು ಕೂತಿದ್ದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಮಾತ್ರ ನೆರಳಿನ ದಾರಿಯಲ್ಲಿ ಉಪಕರಣ ಹೂಡಿ ಕಾದಿದ್ದರು. ಸಂಸ್ಥೆಯ ಮುಖ್ಯಸ್ಥ ವೇಣು ಬಾಪ್ಪು ಅವರ ಪ್ರೋತ್ಸಾಹದಿಂದ ಕರೋನಾದ ಬೆನ್ನು ಹತ್ತಿದ ಜಗದೇವ್ ಸಿಂಗ್ ಅವರ ಗ್ರಹಣಯಾತ್ರೆ ಅಂದು ಶುರುವಾಯಿತು. ಮುಂದಿನ ಮೂರು ದಶಕ ಅವರು ಗ್ರಹಣವಿದ್ದಲ್ಲಿಗೆ ಹೋಗುತ್ತಲೇ ಇದ್ದರು. ಆದರೆ ಅಂದು ಕರ್ನಾಟಕದಲ್ಲಿ ಪೂರ್ಣತೆ ಇದ್ದದ್ದು ಮೂರು ನಿಮಿಷಕ್ಕೂ ಕಡಿಮೆ. ಯಾತ್ರೆಗೊಮ್ಮೆ ಕೆಲವೇ ನಿಮಿಷ ಸಿಕ್ಕರೆ ಕರೋನಾದ ಏರಿಳಿತ ಹಿಡಿಯುವುದು ಹೇಗೆ? ಸದಾ ಗ್ರಹಣವಿರುವ ಜಾಗ ಬೇಕು ಎಂಬ ಆ ಹಂಬಲವೇ ಆದಿತ್ಯ ಯೋಜನೆಯ ಬೀಜ.

ಮೊದಲ ಆದಿತ್ಯದಲ್ಲಿ ಒಂದೇ ಉಪಕರಣ ಹೋಗಬೇಕಿತ್ತು, ಒಂದು ಕೊರೊನಾಗ್ರಾಫ್. ಯೋಜನೆ ಬೆಳೆದು ಆರು ಜೊತೆಗಾರ ಉಪಕರಣಗಳು ಬಂದರೂ ಮುಖ್ಯವಾದದ್ದು ಅದೇ ಉಳಿಯಿತು. ಹೆಸರು ವೆಲ್ಕ್. ಬಿ. ರಾಘವೇಂದ್ರ ಪ್ರಸಾದ್ ಅವರ ಮುಂದಾಳತ್ವದಲ್ಲಿ ಹೊಸಕೋಟೆಯ ಕ್ರೆಸ್ಟ್ ಆವರಣದ ಎಂ. ಜಿ. ಕೆ. ಮೆನನ್ ಪ್ರಯೋಗಾಲಯದಲ್ಲಿ, ಧೂಳು ಸುಳಿಯದ ಕೋಣೆಯೊಳಗೆ ಅದನ್ನು ಜೋಡಿಸಿದರು. ಲಿಯೋನ ಮಸೂರದ ಬದಲು ಇಲ್ಲಿ ಕನ್ನಡಿಗಳು. ಒಂದು ಕನ್ನಡಿಯ ನಡುವೆ ತೂತಿದೆ. ಸೂರ್ಯಬಿಂಬದ ಬೆಳಕು ಆ ತೂತಿನಲ್ಲಿ ಇಳಿದು ಹೊರಗೆ ಹೋಗುತ್ತದೆ, ತೂತಿನ ಸುತ್ತ ಬಿದ್ದ ಕರೋನಾದ ಬೆಳಕಷ್ಟೇ ಮುಂದಕ್ಕೆ ಪ್ರತಿಫಲಿಸುತ್ತದೆ. 2023ರ ಜನವರಿ 26ರಂದು ಅದನ್ನು ಇಸ್ರೋಗೆ ಒಪ್ಪಿಸಿದರು. ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ಹಾರಿತು. 2024ರ ಜನವರಿ 6ರಂದು, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ತನ್ನ ಜಾಗ ಸೇರಿತು. ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ವೆಲ್ಕ್ ಗ್ರಹಗಳನ್ನು ಹುಡುಕುವುದಿಲ್ಲ, ಅದರ ಕೆಲಸವೇ ಬೇರೆ. ಆದರೂ ಬಾಹ್ಯಾಕಾಶಕ್ಕೆ ಕೊರೊನಾಗ್ರಾಫ್ ಕಟ್ಟುವ ಕೈಗಳು ನಮ್ಮಲ್ಲೇ ತಯಾರಾಗಿವೆ. ಈ ಕಸುಬು ಪುಸ್ತಕ ಓದಿ ಬರುವಂಥದ್ದಲ್ಲ.

ಲಿಯೋನ ಉಪಾಯವನ್ನು ದೂರದ ನಕ್ಷತ್ರಕ್ಕೆ ತಿರುಗಿಸಿ ಮೊದಲ ದೊಡ್ಡ ಫಲ ಪಡೆದವರು ಬ್ರ್ಯಾಡ್ ಸ್ಮಿತ್ ಮತ್ತು ರಿಚರ್ಡ್ ಟೆರೈಲ್. 1984ರಲ್ಲಿ ಚಿಲಿಯ ಲಾಸ್ ಕಂಪಾನಸ್ ವೀಕ್ಷಣಾಲಯದಲ್ಲಿ ಬೀಟಾ ಪಿಕ್ಟೋರಿಸ್ ನಕ್ಷತ್ರವನ್ನು ಮರೆಮಾಡಿದಾಗ ಅದರ ಎರಡೂ ಬದಿಗೆ ಚಾಚಿದ ಧೂಳಿನ ತಟ್ಟೆ ಕಂಡಿತು. ಗ್ರಹಗಳು ಹುಟ್ಟುವುದು ಇಂಥ ತಟ್ಟೆಗಳಲ್ಲೇ. ಹಾಗಾದರೆ ತಟ್ಟೆಯ ಬದಲು ಒಂಟಿ ಜೊತೆಗಾರನೇ ಕಾಣಬಾರದೇಕೆ?

ಹುಡುಕಲು ಒಂದು ವಸ್ತುವೂ ಕಾದಿತ್ತು. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಶಿವ ಎಸ್. ಕುಮಾರ್ 1960ರ ದಶಕದ ಆರಂಭದಲ್ಲೇ ಒಂದು ಲೆಕ್ಕ ಹಾಕಿದ್ದರು. ಸೂರ್ಯನ ದ್ರವ್ಯರಾಶಿಯ ಶೇಕಡಾ 7ರಷ್ಟೂ ಇಲ್ಲದ ಅನಿಲದ ಮುದ್ದೆ ನಕ್ಷತ್ರದಂತೆಯೇ ಹುಟ್ಟಿದರೂ ಅದರ ಒಡಲಲ್ಲಿ ಹೈಡ್ರೋಜನ್ ಉರಿ ನಿಲ್ಲದು. ಅದು ಹುಟ್ಟಿನ ಕಾವನ್ನು ಕಳೆದುಕೊಳ್ಳುತ್ತ ತಣ್ಣಗಾಗುತ್ತದೆ. 1975ರಲ್ಲಿ ಜಿಲ್ ಟಾರ್ಟರ್ ಅದಕ್ಕೆ ಕಂದು ಕುಬ್ಜ ಎಂದು ಹೆಸರಿಟ್ಟರು. ಹೆಸರಿತ್ತು, ವಸ್ತು ಸಿಕ್ಕಿರಲಿಲ್ಲ. 1980ರ ದಶಕದಲ್ಲಿ ವಿಬಿ 8 ಎಂಬ ನಕ್ಷತ್ರದ ಬಳಿ ಒಂದು ಸಿಕ್ಕಿತೆಂದು ದೊಡ್ಡ ಸುದ್ದಿಯಾಯಿತು. ಮತ್ತೆ ನೋಡಿದವರಿಗೆ ಅಲ್ಲಿ ಏನೂ ಕಾಣಲಿಲ್ಲ. ಈ ಕ್ಷೇತ್ರದಲ್ಲಿ ಬಾಯಿ ಬಿಡುವವರು ಎರಡು ಬಾರಿ ಯೋಚಿಸಬೇಕಿತ್ತು.

ಪಾಲೋಮರ್‌ನಲ್ಲಿ ಬಳಸಿದ ಕೊರೊನಾಗ್ರಾಫ್ ಜಾನ್ಸ್ ಹಾಪ್ಕಿನ್ಸ್‌ನವರು ಕಟ್ಟಿದ್ದು. ಗಾಳಿಯ ಕುಲುಕಾಟಕ್ಕೆ ನಕ್ಷತ್ರದ ಬಿಂಬ ತಟ್ಟೆಯಿಂದ ಜಾರಿ ಹೊರಬಾರದಂತೆ ಕ್ಷಣಕ್ಷಣಕ್ಕೂ ತಿದ್ದುವ ಕನ್ನಡಿ ಅದರಲ್ಲಿತ್ತು. ಹತ್ತಿರದ ನಕ್ಷತ್ರಗಳನ್ನು ಒಂದೊಂದಾಗಿ ಮರೆಮಾಡಿ ಸುತ್ತ ನೋಡುತ್ತ ಹೋದರು. ಗ್ಲೀಸ 229ರ ಬಳಿ, 7.7 ಆರ್ಕ್‌ಸೆಕೆಂಡ್ ದೂರದಲ್ಲಿ ಆ ಚುಕ್ಕೆ ಸಿಕ್ಕಿತು. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್. ಆ ನಕ್ಷತ್ರದ ದೂರಕ್ಕೆ ಲೆಕ್ಕ ಹಾಕಿದರೆ ಇವೆರಡರ ನಡುವಿನ ಅಂತರ ಸೂರ್ಯನಿಂದ ನೆಪ್ಚೂನ್ ಇರುವ ದೂರಕ್ಕಿಂತಲೂ ಹೆಚ್ಚು.

ಆದರೆ ಚುಕ್ಕೆ ನಿಜವಾಗಿಯೂ ಆ ನಕ್ಷತ್ರದ್ದೇ? ಬಲು ದೂರದ ಬೇರೊಂದು ನಕ್ಷತ್ರ ಅದೇ ದಿಕ್ಕಿನಲ್ಲಿ ಹಿಂದೆ ನಿಂತಿರಬಹುದಲ್ಲ? ಇದನ್ನು ಇತ್ಯರ್ಥ ಮಾಡಲು ಯಾವ ದೊಡ್ಡ ಯಂತ್ರವೂ ಬೇಡ, ಕಾಲ ಬೇಕು. ಗ್ಲೀಸ 229 ಆಕಾಶದಲ್ಲಿ ವರ್ಷಕ್ಕೆ ಸುಮಾರು 0.7 ಆರ್ಕ್‌ಸೆಕೆಂಡ್ ಸರಿಯುತ್ತದೆ. ಚುಕ್ಕೆ ಅದರ ಸಂಗಾತಿಯಾಗಿದ್ದರೆ ಜೊತೆಗೇ ಸರಿಯಬೇಕು, ಹಿನ್ನೆಲೆಯ ನಕ್ಷತ್ರವಾಗಿದ್ದರೆ ಇದ್ದಲ್ಲೇ ಉಳಿಯಬೇಕು. ತಂಡ ಕಾಯಿತು. ಗಗನಯಾತ್ರಿಯೂ ಆಗಿದ್ದ ಡುರಾನ್ಸ್ ಅದೇ ಹೊತ್ತಿನಲ್ಲಿ, 1995ರ ಮಾರ್ಚ್‌ನಲ್ಲಿ, ಎಂಡೆವರ್ ನೌಕೆಯಲ್ಲಿ ತಮ್ಮ ಎರಡನೆಯ ಬಾಹ್ಯಾಕಾಶ ಯಾತ್ರೆ ಮುಗಿಸಿ ಬಂದರು. ಮರುವರ್ಷ ಮತ್ತೆ ನೋಡಿದಾಗ ಚುಕ್ಕೆ ನಕ್ಷತ್ರದ ಜೊತೆಗೇ ಸರಿದಿತ್ತು.

ಇನ್ನುಳಿದದ್ದು ಅದು ಏನು ಎಂಬ ಪ್ರಶ್ನೆ. 200 ಇಂಚಿನ ಹೇಲ್ ದೂರದರ್ಶಕವನ್ನು ಅದರತ್ತ ತಿರುಗಿಸಿ ಅವಗೆಂಪು ರೋಹಿತ ಪಡೆದರು. ಅದರಲ್ಲಿ ಮೀಥೇನಿನ ಗುರುತು ಎದ್ದು ಕಾಣುತ್ತಿತ್ತು. ನಕ್ಷತ್ರದ ಬಿಸಿಯಲ್ಲಿ ಮೀಥೇನ್ ಉಳಿಯುವುದಿಲ್ಲ, ಒಡೆದುಹೋಗುತ್ತದೆ. ಅದು ಹೇರಳವಾಗಿರುವುದು ಗುರುವಿನಂಥ ಗ್ರಹಗಳ ವಾತಾವರಣದಲ್ಲಿ. ಚುಕ್ಕೆಯ ಮೇಲ್ಮೈ ಉಷ್ಣತೆ 1000 ಕೆಲ್ವಿನ್‌ಗೂ ಕಡಿಮೆ ಎಂದು ಲೆಕ್ಕ ಸಿಕ್ಕಿತು. ಯಾವ ನಕ್ಷತ್ರವೂ ಅಷ್ಟು ತಣ್ಣಗಿರಲಾರದು. ಒಂದು ವರ್ಷದ ತಾಳ್ಮೆಗೆ ಇದಕ್ಕಿಂತ ಚೊಕ್ಕ ಉತ್ತರ ಸಿಗುವುದು ಅಪರೂಪ.

1995ರ ಅಕ್ಟೋಬರ್‌ನಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ತಣ್ಣನೆಯ ನಕ್ಷತ್ರಗಳ ಕುರಿತ ಸಮ್ಮೇಳನ ನಡೆಯಿತು. ಈ ಸುದ್ದಿ ಹೊರಬಿದ್ದದ್ದು ಅಲ್ಲಿ. ಅದೇ ಸಮ್ಮೇಳನದಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೇ ಕೆಲೋ, ಸೂರ್ಯನಂಥ ನಕ್ಷತ್ರದ ಸುತ್ತ ಮೊದಲ ಹೊರಗ್ರಹ ಸಿಕ್ಕಿದ್ದನ್ನು ಹೇಳಿದರು. ಅವರು ಗ್ರಹವನ್ನು ಕಂಡಿರಲಿಲ್ಲ, ಅದರ ಸೆಳೆತಕ್ಕೆ ನಕ್ಷತ್ರ ತೂಗಾಡುವುದನ್ನು ಅಳೆದಿದ್ದರು. ಗ್ರಹದ ಸುದ್ದಿ ಜಗತ್ತನ್ನು ತುಂಬಿತು, ಮುಂದೆ ನೊಬೆಲ್ ತಂದಿತು. ಕಂದು ಕುಬ್ಜದ ಸುದ್ದಿ ಅದರ ಗದ್ದಲದಲ್ಲಿ ಹಿಂದೆ ಸರಿಯಿತು. ನವೆಂಬರ್ 17ರಂದು ಹಬಲ್ ದೂರದರ್ಶಕ ಅದೇ ಚುಕ್ಕೆಯ ಚಿತ್ರ ತೆಗೆಯಿತು. ನವೆಂಬರ್ 30ರ 'ನೇಚರ್' ಪತ್ರಿಕೆಯಲ್ಲಿ ಆವಿಷ್ಕಾರ, ಮರುದಿನದ 'ಸೈನ್ಸ್'ನಲ್ಲಿ ರೋಹಿತ ಪ್ರಕಟವಾದವು. ಅದೇ ವರ್ಷ ಸ್ಪೇನಿನ ತಂಡವೊಂದು ಕೃತ್ತಿಕೆಯಲ್ಲಿ ಟೈಡೆ 1 ಎಂಬ ಕಂದು ಕುಬ್ಜವನ್ನು ಪ್ರಕಟಿಸಿತ್ತು. ಆದರೆ ಯಾವ ತಕರಾರಿಗೂ ಎಡೆಯಿಲ್ಲದಂತೆ, ಮೀಥೇನಿನ ಸಹಿಯೊಂದಿಗೆ ಬಂದದ್ದು ಗ್ಲೀಸ 229ಬಿ.

ಇನ್ನು ಗ್ರಹಗಳು. ಗ್ಲೀಸ 229ಬಿ ತನ್ನ ಕಾವಿನಿಂದಲೇ ಹೊಳೆಯುತ್ತಿತ್ತು, ನಕ್ಷತ್ರದಿಂದ ದೂರವೂ ಇತ್ತು. ಭೂಮಿಯಂಥ ಗ್ರಹಕ್ಕೆ ಈ ಎರಡೂ ಅನುಕೂಲವಿಲ್ಲ. ಸುಮಾರು 33 ಜ್ಯೋತಿರ್ವರ್ಷ ದೂರದಿಂದ ನಮ್ಮನ್ನು ನೋಡುವವರಿಗೆ ಭೂಮಿ ಸೂರ್ಯನಿಂದ ಬರೇ 0.1 ಆರ್ಕ್‌ಸೆಕೆಂಡ್ ಆಚೆ ಇರುತ್ತದೆ. ಹೊಳಪು ಸೂರ್ಯನ ಸಾವಿರ ಕೋಟಿಯಲ್ಲೊಂದು ಪಾಲು. ಗುರುವೇ ಆದರೂ ನೂರು ಕೋಟಿಯಲ್ಲೊಂದು. ಗಾಳಿಯ ಕುಲುಕಾಟದ ಕೆಳಗೆ ನಿಂತು ಈ ಮಟ್ಟ ಮುಟ್ಟುವುದು ಕಷ್ಟ. ಆದ್ದರಿಂದ ಕೊರೊನಾಗ್ರಾಫನ್ನು ಮೇಲಕ್ಕೆ ಕಳಿಸಬೇಕು.

ಮೇಲೆ ಗಾಳಿಯಿಲ್ಲ, ಆದರೆ ದೂರದರ್ಶಕದ ತಪ್ಪುಗಳು ಅಲ್ಲಿಗೂ ಹೋಗುತ್ತವೆ. ಎಷ್ಟೇ ನುಣುಪಾದ ಕನ್ನಡಿಯಲ್ಲೂ ಉಬ್ಬುತಗ್ಗು ಇರುತ್ತದೆ. ಅವು ನಕ್ಷತ್ರದ ಬೆಳಕನ್ನು ಚಿತ್ರದ ತುಂಬ ಚುಕ್ಕೆ ಚುಕ್ಕೆಯಾಗಿ ಚೆಲ್ಲುತ್ತವೆ, ಆ ಚುಕ್ಕೆಗಳು ಥೇಟು ಗ್ರಹಗಳಂತೆಯೇ ಕಾಣುತ್ತವೆ. ಉಪಾಯ ಹೊಳೆದದ್ದು 1990ರ ದಶಕದಲ್ಲಿ. ಬೆಳಕು ಅಲೆಯಾದ್ದರಿಂದ ಒಂದು ಅಲೆಯ ಉಬ್ಬಿನ ಮೇಲೆ ಇನ್ನೊಂದರ ತಗ್ಗನ್ನು ಕೂರಿಸಿದರೆ ಎರಡೂ ಅಳಿಯುತ್ತವೆ. ಸಣ್ಣ ಸಣ್ಣ ಮೀಟುಗೋಲುಗಳಿಂದ ಹಿಂದಿನಿಂದ ಒತ್ತಿ ಆಕಾರ ಬದಲಿಸಬಲ್ಲ ಕನ್ನಡಿಯನ್ನಿಟ್ಟು, ಆ ಕಳ್ಳ ಚುಕ್ಕೆಗಳ ಮೇಲೆ ವಿರುದ್ಧ ಅಲೆಯನ್ನು ಹೊರಿಸಿದರೆ ಚಿತ್ರದ ಒಂದು ಭಾಗ ಕಪ್ಪಾಗುತ್ತದೆ. ಗ್ರಹವನ್ನು ಹುಡುಕುವುದು ಆ ಕಪ್ಪು ಜಾಗದಲ್ಲಿ. ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಜಾನ್ ಟ್ರಾಗರ್ ಮತ್ತು ವೆಸ್ಲಿ ಟ್ರಾಬ್ 2007ರಲ್ಲಿ ಈ ಬಗೆಯಿಂದ, ನಿರ್ವಾತದ ತೊಟ್ಟಿಯೊಳಗೆ, ನಕಲಿ ನಕ್ಷತ್ರದ ಬೆಳಕನ್ನು ಸಾವಿರ ಕೋಟಿಯಲ್ಲೊಂದು ಪಾಲಿನ ಹತ್ತಿರಕ್ಕೆ ಇಳಿಸಿ ತೋರಿಸಿದರು.

ಅದನ್ನು ಆಕಾಶದಲ್ಲಿ ಪರೀಕ್ಷಿಸುವುದು ನ್ಯಾನ್ಸಿ ಗ್ರೇಸ್ ರೋಮನ್ ಬಾಹ್ಯಾಕಾಶ ದೂರದರ್ಶಕದ ಕೊರೊನಾಗ್ರಾಫ್. 2012ರಲ್ಲಿ ಅಮೆರಿಕದ ಗೂಢಚಾರಿ ಉಪಗ್ರಹಗಳ ಇಲಾಖೆ ತನಗೆ ಬೇಡವಾದ 2.4 ಮೀಟರಿನ ದೂರದರ್ಶಕವನ್ನು ನಾಸಾಗೆ ಕೊಟ್ಟಿತು. ಕನ್ನಡಿ ದೊಡ್ಡದಾಯಿತು, ಕೊರೊನಾಗ್ರಾಫಿಗೆ ಎಡೆ ಸಿಕ್ಕಿತು. ಆದರೆ ಆ ದೂರದರ್ಶಕದ ಬಾಯಿಗೆ ಅಡ್ಡಲಾಗಿ ಎರಡನೆಯ ಕನ್ನಡಿಯೂ ಅದನ್ನು ಹಿಡಿದ ಕಾಲುಗಳೂ ನಿಂತಿವೆ, ಒಂದೊಂದು ಕಾಲಿನ ಅಂಚಿನಲ್ಲೂ ಬೆಳಕು ಬಾಗುತ್ತದೆ. ಲಿಯೋ ತನ್ನ ಮಸೂರದ ಒಂದೇ ದುಂಡು ಅಂಚನ್ನು ನಿಭಾಯಿಸಿದ್ದ, ಇಲ್ಲಿ ಎಷ್ಟೋ ಅಂಚುಗಳು. ಅವಕ್ಕೆಂದೇ ವಿಚಿತ್ರ ಆಕಾರದ ಮರೆಗಳನ್ನು ಲೆಕ್ಕ ಹಾಕಿ ಕತ್ತರಿಸಿದರು. ಜೊತೆಗೆ 48 ಸಾಲು, 48 ಕಂಬ ಮೀಟುಗೋಲುಗಳ ಎರಡು ಕನ್ನಡಿಗಳು. ಒಂದು ಕೋಟಿಯಲ್ಲೊಂದು ಪಾಲಿನಷ್ಟು ಮಂದವಾದದ್ದನ್ನು ತೋರಿಸಿದರೆ ಪಾಸು, ಅದಕ್ಕಿಂತ ಹತ್ತು-ನೂರು ಪಟ್ಟು ಚೆನ್ನಾಗಿ ನಡೆದೀತೆಂಬ ನಿರೀಕ್ಷೆ. ಇದು ಪ್ರಯೋಗವಷ್ಟೇ. ಭೂಮಿಯಂಥ ಗ್ರಹಕ್ಕಾಗಿ ಮುಂದಿನ ಹ್ಯಾಬಿಟಬಲ್ ವರ್ಲ್ಡ್ಸ್ ದೂರದರ್ಶಕ ಬರಬೇಕು. ಅದರ ಕನ್ನಡಿ ನೋಟದುದ್ದಕ್ಕೂ ಕೆಲವೇ ಪಿಕೋಮೀಟರ್‌ಗಳಷ್ಟು, ಅಂದರೆ ಒಂದು ಪರಮಾಣುವಿನ ಅಗಲಕ್ಕಿಂತ ಕಡಿಮೆ, ಮಾತ್ರ ಅಲುಗಬಹುದು.

ಗ್ಲೀಸ 229ಬಿ ಮಾತ್ರ ಒಂದು ಒಗಟನ್ನು ಉಳಿಸಿಕೊಂಡಿತ್ತು. ವರ್ಷಗಳ ಕಾಲ ಅದರ ಚಲನೆ ಹಿಡಿದು ಲೆಕ್ಕ ಹಾಕಿದಾಗ ದ್ರವ್ಯರಾಶಿ ಗುರುವಿನ ಸುಮಾರು 70 ಪಟ್ಟು ಎಂದು ಬಂತು. ಅಷ್ಟು ಭಾರದ ವಸ್ತು ಇನ್ನೂ ಹೆಚ್ಚು ಹೊಳೆಯಬೇಕಿತ್ತು. ಮಾದರಿ ತಪ್ಪೋ, ತೂಕ ತಪ್ಪೋ? 2024ರ ಅಕ್ಟೋಬರ್‌ನಲ್ಲಿ ಕ್ಯಾಲ್ಟೆಕ್‌ನ ಸಂಶೋಧನಾ ವಿದ್ಯಾರ್ಥಿ ಜೆರ್ರಿ ಶುವಾನ್ ಮತ್ತು ಸಂಗಡಿಗರು ಉತ್ತರ ಪ್ರಕಟಿಸಿದರು. ಮೊದಲ ಚಿತ್ರದ ಕಾಲಕ್ಕೆ ತಾವೂ ಕ್ಯಾಲ್ಟೆಕ್‌ನ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಓಪನ್‌ಹೈಮರ್ ಈ ತಂಡದಲ್ಲೂ ಇದ್ದರು. ಚಿಲಿಯ ಪರಾನಾಲ್‌ನಲ್ಲಿ ನಾಲ್ಕು ದೊಡ್ಡ ದೂರದರ್ಶಕಗಳ ಬೆಳಕನ್ನು ಒಂದುಗೂಡಿಸಿ ನೋಡಿದಾಗ ಒಂದೇ ಎಂದುಕೊಂಡಿದ್ದ ಚುಕ್ಕೆ ಎರಡಾಯಿತು. ಗುರುವಿನ ಸುಮಾರು 38 ಪಟ್ಟು ಮತ್ತು 34 ಪಟ್ಟು ತೂಗುವ ಎರಡು ಕಂದು ಕುಬ್ಜಗಳು ಹನ್ನೆರಡು ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತಿವೆ. ಅವುಗಳ ನಡುವಿನ ಅಂತರ ಭೂಮಿ-ಚಂದ್ರರ ಅಂತರದ 16 ಪಟ್ಟು ಮಾತ್ರ. ತೂಕವೂ ಸರಿಯಿತ್ತು, ಮಾದರಿಯೂ ಸರಿಯಿತ್ತು. ಇಷ್ಟು ಹತ್ತಿರದ ಈ ಜೋಡಿ ಹುಟ್ಟಿದ್ದು ಹೇಗೆ, ಒಂಟಿಯೆಂದು ಪಟ್ಟಿಯಲ್ಲಿರುವ ಇತರ ಕಂದು ಕುಬ್ಜಗಳಲ್ಲಿ ಇನ್ನೆಷ್ಟು ಜೋಡಿಗಳಿವೆ ಎಂದು ಈಗ ಹುಡುಕುತ್ತಿದ್ದಾರೆ.